ಚೆನ್ನಾಗಿ ಕೆಲಸ ಮಾಡ್ತಿದ್ದವರು ಇದ್ದಕ್ಕಿದ್ದ ಹಾಗೆ ಮಂಕಾದ್ರೆ ಟೀಮ್ ಲೀಡ್ ಏನ್ ಮಾಡ್ಬೇಕು?

ಹೊಸಟಿಎಲ್

ಎಲ್ರಿಗೂ ನಮಸ್ಕಾರ. ಪೋಸ್ಟ್ ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಾನು ಟೀಮ್ ಲೀಡ್ ಆಗಿ ಏಳು ತಿಂಗಳಾಯ್ತು. ಸಾಫ್ಟ್‌ವೇರ್ ಸಪೋರ್ಟ್ ಟೀಮು, ಒಂಬತ್ತು ಜನ. ಅದ್ರಲ್ಲಿ ಒಬ್ರು ನನಗಿಂತ ವಯಸ್ಸಲ್ಲಿ ದೊಡ್ಡವರು, ನಾನು ಹೊಸದಾಗಿ ಸೇರಿದಾಗ ನನಗೆ ಕೆಲಸ ಹೇಳಿಕೊಟ್ಟಿದ್ದೇ ಅವರು. ಯಾವ ಟಿಕೆಟ್ (ಕಸ್ಟಮರ್ ಕಳಿಸೋ ದೂರು) ಎಲ್ಲಿ ಸಿಕ್ಕಾಕೊಂಡ್ರೂ ಕೊನೆಗೆ ಅವರ ಹತ್ರಾನೇ ಹೋಗ್ತಿತ್ತು, ಅಂಥ ಮನುಷ್ಯ. ಈಗ ಎರಡು ತಿಂಗಳಿಂದ ಬೇರೆ ಥರ ಆಗಿಬಿಟ್ಟಿದಾರೆ. ಮೀಟಿಂಗಲ್ಲಿ ಬಾಯೇ ಬಿಡಲ್ಲ, ಏನ್ ಕೇಳಿದ್ರೂ "ನೋಡ್ತೀನಿ" ಅಷ್ಟೇ ಉತ್ತರ, ಹೋದ ವಾರ ಒಬ್ಬ ಕಸ್ಟಮರ್‌ಗೆ ಹೋಗ್ಬೇಕಿದ್ದ ಫೈಲ್ ಇನ್ನೊಬ್ಬರಿಗೆ ಹೋಯ್ತು, ಅವರಿಂದ ಅಂಥ ತಪ್ಪು ನಾನು ಯಾವತ್ತೂ ನೋಡಿರ್ಲಿಲ್ಲ.

ನನ್ನ ಮ್ಯಾನೇಜರ್ ಹೇಳೋದು ಪಿಐಪಿ (ಪರ್ಫಾರ್ಮೆನ್ಸ್ ಇಂಪ್ರೂವ್‌ಮೆಂಟ್ ಪ್ಲಾನ್, ಅಂದ್ರೆ ಇಷ್ಟು ದಿನದಲ್ಲಿ ಸುಧಾರಿಸ್ಬೇಕು ಅಂತ ಬರೆದು ಕೊಡೋದು) ಹಾಕು, ಅರವತ್ತು ದಿನ ಟೈಮ್ ಕೊಡು, ಸರಿ ಹೋದ್ರೆ ಹೋದ್ರು ಇಲ್ಲಾಂದ್ರೆ ಬೇರೆಯವರನ್ನ ನೋಡೋಣ ಅಂತ. ನನಗೆ ಮನಸ್ಸು ಒಪ್ತಿಲ್ಲ. ಆದ್ರೆ ಸುಮ್ನೆ ಬಿಟ್ರೆ ಉಳಿದ ಎಂಟು ಜನ ಏನಂತಾರೆ, ಇವ್ನು ಮೆತ್ತಗಿದಾನೆ ಅಂತ ಎಲ್ರೂ ಹಾಗೇ ಶುರು ಮಾಡಿದ್ರೆ ಅಂತ ಭಯಾನೂ ಇದೆ. ನೀವೆಲ್ಲ ಇಂಥದ್ದನ್ನ ಹೇಗೆ ನಿಭಾಯಿಸಿದೀರ ಹೇಳಿ.

ನೇರನುಡಿ

ಗುರು ನಿಮ್ಮ ಮ್ಯಾನೇಜರ್ ಹೇಳಿದ್ದೇ ಸರಿ. ಎರಡು ತಿಂಗಳು ಕಮ್ಮಿ ಟೈಮ್ ಅಲ್ಲ. ಅವರು ಬಿಟ್ಟ ಕೆಲಸ ಎಲ್ಲಿ ಹೋಗತ್ತೆ? ಉಳಿದವರ ತಲೆ ಮೇಲೇ ಬರತ್ತೆ. ಒಬ್ಬರ ಮೇಲೆ ಕಾಳಜಿ ತೋರ್ಸಕ್ಕೆ ಹೋಗಿ ಎಂಟು ಜನರ ಮೇಲೆ ಭಾರ ಹಾಕೋದು ಅನ್ಯಾಯ. ನಾನು ಆ ಎಂಟು ಜನರ ಜಾಗದಲ್ಲಿ ಮೂರು ವರ್ಷ ಇದ್ದವನು, ನಮ್ಮ ಲೀಡ್ ತುಂಬಾ ಒಳ್ಳೆಯವರು ಅಂತ ಎಲ್ರೂ ಹೊಗಳೋರು, ರಾತ್ರಿ ಕೂತು ಬೇರೆಯವರ ಕೆಲಸ ಮುಗಿಸ್ತಿದ್ದಿದ್ದು ಮಾತ್ರ ನಾವು.

ಶಾಪ್‌ಫ್ಲೋರ್

ತಮ್ಮಾ, ನಾನು ಇಪ್ಪತ್ತಾರು ವರ್ಷ ಮಷೀನ್ ಶಾಪಲ್ಲಿ ಇದ್ದವನು, ಅದ್ರಲ್ಲಿ ಹದಿನೇಳು ವರ್ಷ ಸೂಪರ್‌ವೈಸರ್. ಒಂದ್ ಮಾತು ಕೇಳ್ತೀನಿ. ಎರಡು ತಿಂಗಳಲ್ಲಿ ನೀನು ಅವರ ಹತ್ರ ಕೂತು ಎಷ್ಟು ಸಲ ಮಾತಾಡಿದೀಯ? ಟಿಕೆಟ್ ಏನಾಯ್ತು ಅಂತ ಕೇಳೋದು ಮಾತಲ್ಲ ಅದು ಲೆಕ್ಕ. ನಿನ್ನ ಪೋಸ್ಟಲ್ಲಿ ಅವರು ಏನೇನು ಮಾಡ್ತಿಲ್ಲ ಅಂತ ಪೂರ್ತಿ ಇದೆ, ಅವರು ಏನ್ ಹೇಳಿದ್ರು ಅಂತ ಒಂದೇ ಒಂದು ಪದ ಇದೆ, "ನೋಡ್ತೀನಿ" ಅಂತ.

ಲೇತ್ ಮೇಲೆ ಚೆನ್ನಾಗಿ ಬರ್ತಿದ್ದ ಪೀಸು ಇದ್ದಕ್ಕಿದ್ದ ಹಾಗೆ ಸೈಜ್ ತಪ್ಪಕ್ಕೆ ಶುರುವಾದ್ರೆ ನಾವು ಮೊದಲು ಆಪರೇಟರ್‌ಗೆ ಬೈಯಲ್ಲ. ಟೂಲ್ ಸವೆದಿದೆಯಾ, ಬೇರಿಂಗ್ ಹೋಗಿದೆಯಾ, ಮೆಟೀರಿಯಲ್ ಬದಲಾಗಿದೆಯಾ ನೋಡ್ತೀವಿ. ಮಷೀನಿಗೇ ಅಷ್ಟು ಮರ್ಯಾದೆ ಕೊಡ್ತೀವಿ, ಮನುಷ್ಯರು ಮಂಕಾದ್ರೆ ಮಾತ್ರ ಮೊದಲು ಅವರದ್ದೇ ತಪ್ಪು ಅಂತೀವಿ. ಎರಡು ತಿಂಗಳ ಹಿಂದೆ ಅವರ ಸುತ್ತ ಏನ್ ಬದಲಾಯ್ತು ಅಂತ ಹುಡುಕು ಮೊದಲು.

ಹೊಸಟಿಎಲ್

@ಶಾಪ್‌ಫ್ಲೋರ್ ಅಣ್ಣಾ, ನಿಜ ಹೇಳ್ಬೇಕಂದ್ರೆ ಕೂತು ಮಾತಾಡಿಲ್ಲ. ನನಗೇ ಕೆಲಸ ಕಲಿಸಿದವರನ್ನ ಕೂರಿಸ್ಕೊಂಡು ಯಾಕೆ ಸರಿಯಾಗಿ ಮಾಡ್ತಿಲ್ಲ ಅಂತ ಕೇಳಕ್ಕೆ ಬಾಯಿ ಬರ್ತಿಲ್ಲ. ಹಾಗಾಗಿ ಮುಂದೂಡ್ತಾ ಬಂದೆ.

ಮಳೆಹನಿ

ನಾನು ಪಿಐಪಿಯಲ್ಲಿ ಇದ್ದವಳು, ಆ ಕಡೆಯಿಂದ ಹೇಗಿರತ್ತೆ ಅಂತ ಹೇಳ್ತೀನಿ.

ಆವತ್ತು ಮೀಟಿಂಗ್ ಇನ್ವೈಟ್ ಬಂತು, ವಿಷಯ ಏನು ಅಂತ ಬರೆದಿರ್ಲಿಲ್ಲ, ಹೋದ್ರೆ ಮ್ಯಾನೇಜರ್ ಜೊತೆ ಎಚ್‌ಆರ್ ಕೂತಿದ್ರು. ಆರು ತಿಂಗಳ ತಪ್ಪುಗಳ ಪಟ್ಟಿ ಓದಿದ್ರು. ಅದ್ರಲ್ಲಿ ಮುಕ್ಕಾಲು ಭಾಗ ನನಗೆ ಮೊದಲನೇ ಸಲ ಗೊತ್ತಾಗ್ತಿದ್ದಿದ್ದು. ಆರು ತಿಂಗಳು ಇವರು ನೋಡ್ತಿದ್ರು, ಬರೆದಿಡ್ತಿದ್ರು, ಎದುರು ಸಿಕ್ಕಾಗ ನಗ್ತಿದ್ರು. ಕೆಲಸ ಹೋಗತ್ತೆ ಅನ್ನೋದಕ್ಕಿಂತ ಅದೇ ಜಾಸ್ತಿ ನೋವಾಗಿದ್ದು. ಆಮೇಲಿನ ಎರಡು ತಿಂಗಳು ನಾನು ಕೆಲಸ ಮಾಡ್ಲಿಲ್ಲ, ಕೆಲಸ ಮಾಡ್ತಿದೀನಿ ಅಂತ ಕಾಣಿಸ್ಕೊಳೋದಕ್ಕೆ ಓಡಾಡಿದೆ ಅಷ್ಟೇ. ಒಂದು ಡೌಟ್ ಕೇಳಕ್ಕೂ ಭಯ, ಕೇಳಿದ್ರೆ ಅದೂ ಪಟ್ಟಿಗೆ ಸೇರತ್ತೇನೋ ಅಂತ.

ಮುಂದಿನ ಕಂಪನಿಯಲ್ಲಿ ಒಬ್ರು ಮೇಡಂ ಸಿಕ್ಕಿದ್ರು. ಎರಡನೇ ವಾರದಲ್ಲೇ ನನ್ನ ರಿಪೋರ್ಟ್ ತಗೊಂಡು ಪಕ್ಕ ಬಂದು ಕೂತು "ಈ ಮೂರನೇ ಪುಟ ಸರಿಯಿಲ್ಲಮ್ಮ, ಓದೋರಿಗೆ ಎಲ್ಲಿಂದ ಹಿಡ್ಕೋಬೇಕು ಗೊತ್ತಾಗಲ್ಲ, ಬಾ ಇಬ್ರೂ ಸೇರಿ ನೋಡೋಣ" ಅಂದ್ರು. ಅವರು ಯಾವತ್ತೂ ಸುಳ್ಳು ಹೊಗಳಲಿಲ್ಲ. ಸರಿಯಿಲ್ಲ ಅನ್ನೋದನ್ನ ಅವತ್ತೇ ಹೇಳ್ತಿದ್ರು, ಹೇಳಿ ಎದ್ದು ಹೋಗ್ತಿರ್ಲಿಲ್ಲ. ಅವರ ಜೊತೆ ನಾಲ್ಕು ವರ್ಷ ಇದ್ದೆ. ಈಗ ನಾನೇ ಆರು ಜನರನ್ನ ನೋಡ್ಕೋತೀನಿ, ಅವರು ಕೂತ ಹಾಗೇ ಪಕ್ಕದಲ್ಲಿ ಕೂರೋದಕ್ಕೆ ಪ್ರಯತ್ನ ಮಾಡ್ತೀನಿ. ಹೊಸಟಿಎಲ್ ಅವರೇ, ನೀವು ಮುಂದೂಡಿದ್ದು ಅವರ ಮೇಲಿನ ಗೌರವದಿಂದ ಅಂತ ನಿಮಗೆ ಅನ್ಸತ್ತೆ, ಆದ್ರೆ ಅವರ ಕಡೆಯಿಂದ ನೋಡಿದ್ರೆ ಎರಡು ತಿಂಗಳು ಯಾರೂ ಕೇಳಲಿಲ್ಲ ಅಂತಾನೇ ಆಗಿರತ್ತೆ.

ಓದುಗ_47

ಮಳೆಹನಿ ಹೇಳಿದ್ದಕ್ಕೆ ಒಂದು ವಿಷಯ ಸೇರಿಸ್ತೀನಿ. ಫೀಡ್‌ಬ್ಯಾಕ್ ಕೊಟ್ರೆ ಜನ ಸುಧಾರಿಸ್ತಾರೆ ಅಂತ ನಾವೆಲ್ಲ ಅನ್ಕೊಂಡಿದೀವಿ. 1996ರಲ್ಲಿ ಕ್ಲೂಗರ್ ಮತ್ತು ಡೆನಿಸಿ ಅಂತ ಇಬ್ರು ಸಂಶೋಧಕರು ಆವರೆಗೆ ಆಗಿದ್ದ ಅಧ್ಯಯನಗಳನ್ನೆಲ್ಲ ಗುಡ್ಡೆ ಹಾಕಿ 600ಕ್ಕೂ ಹೆಚ್ಚು ಫಲಿತಾಂಶಗಳನ್ನ ಒಟ್ಟಿಗೆ ಇಟ್ಟು ನೋಡಿದ್ರು. ಸರಾಸರಿ ತಗೊಂಡ್ರೆ ಫೀಡ್‌ಬ್ಯಾಕಿಂದ ಉಪಯೋಗ ಇದೆ, ಆದ್ರೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕಡೆ ಫೀಡ್‌ಬ್ಯಾಕ್ ಕೊಟ್ಟ ಮೇಲೆ ಕೆಲಸ ಇನ್ನೂ ಕೆಟ್ಟಿದೆ! ಅವರು ಕೊಟ್ಟ ವಿವರಣೆ ಏನಂದ್ರೆ ಮಾತು ಕೆಲಸದ ಮೇಲಿಂದ ಜಾರಿ ಮನುಷ್ಯನ ಮೇಲೆ ಹೋದಷ್ಟೂ ಅದರ ಉಪಯೋಗ ಕಮ್ಮಿ ಆಗ್ತಾ ಹೋಗತ್ತೆ, ಯಾಕಂದ್ರೆ ಕೇಳೋರ ಗಮನ ಕೆಲಸ ಬಿಟ್ಟು "ನಾನು ಎಂಥವನು" ಅನ್ನೋದರ ಮೇಲೆ ಹೋಗ್ಬಿಡತ್ತೆ. "ಮೂರನೇ ಪುಟ ಸರಿಯಿಲ್ಲ" ಅಂದ್ರೆ ಪುಟ ತಿದ್ದಬಹುದು. "ನೀನು ಕೇರ್‌ಲೆಸ್" ಅಂದ್ರೆ ತಿದ್ದೋದು ಏನನ್ನ?

ಇನ್ನೊಂದು, ಲೇಬಲ್ ವಿಷಯ. ಈಡನ್ ಮತ್ತು ಶಾನಿ ಅಂತ ಇಬ್ರು 1982ರಲ್ಲಿ ಇಸ್ರೇಲ್ ಸೈನ್ಯದ ಒಂದು ತರಬೇತಿ ಬಗ್ಗೆ ಪ್ರಕಟಿಸಿದ್ರು. ಕೆಲವು ಟ್ರೈನಿಗಳ ಹೆಸರನ್ನ ಲಾಟರಿ ಥರ ಆರಿಸಿ, ಇವರಲ್ಲಿ ಒಳ್ಳೆ ಸಾಮರ್ಥ್ಯ ಇದೆ ಅಂತ ತರಬೇತಿ ಕೊಡೋರಿಗೆ ಹೇಳಿದ್ರು. ಕೋರ್ಸ್ ಮುಗಿಯೋ ಹೊತ್ತಿಗೆ ಅವರೇ ನಿಜವಾಗಲೂ ಮುಂದಿದ್ರು. ಅವರಲ್ಲಿ ಮೊದಲೇ ಯಾವ ವ್ಯತ್ಯಾಸಾನೂ ಇರ್ಲಿಲ್ಲ, ಹೇಳಿಕೊಡೋರ ಕಣ್ಣಲ್ಲಿ ಮಾತ್ರ ಇತ್ತು. ಇದನ್ನ ತಿರುಗಿಸಿ ಯೋಚನೆ ಮಾಡಿ, "ಇವರದ್ದು ಮುಗೀತು" ಅಂತ ಮ್ಯಾನೇಜರ್ ತಲೇಲಿ ಒಂದ್ಸಲ ಕೂತ್ರೆ ಅರವತ್ತು ದಿನದಲ್ಲಿ ಆ ಮನುಷ್ಯ ಏನ್ ಮಾಡಕ್ಕಾಗತ್ತೆ.

ನೇರನುಡಿ

ಓದುಗ ಅವರೇ ಓದಕ್ಕೆ ಚೆನ್ನಾಗಿದೆ, ಆದ್ರೆ ಕಸ್ಟಮರ್ ಡೇಟಾ ತಪ್ಪು ಜನಕ್ಕೆ ಹೋಗಿದೆ ಇಲ್ಲಿ. ಅದು ಚಿಕ್ಕ ವಿಷಯ ಅಲ್ಲ. ಎಲ್ಲಾದ್ರೂ ಒಂದ್ ಕಡೆ ಗೆರೆ ಹಾಕ್ಲೇಬೇಕಲ್ವಾ?

ವಾರ್ಡ್ ಇನ್‌ಚಾರ್ಜ್

ನೇರನುಡಿ ಅವರೇ, ನಿಮ್ಮ ಪ್ರಶ್ನೆ ಸರಿಯಾಗಿದೆ. ನಾನು ನರ್ಸ್, ಹದಿನಾಲ್ಕು ವರ್ಷ ಆಯ್ತು, ನಮ್ಮಲ್ಲಿ ತಪ್ಪಾದ್ರೆ ಫೈಲ್ ಅಲ್ಲ ಜೀವ ಹೋಗತ್ತೆ. ಅದಕ್ಕೇ ಹೇಳ್ತಿದೀನಿ, ಗೆರೆ ಹಾಕೋದು ಮನುಷ್ಯನ ಮೇಲೆ ಹಾಕಿದ್ರೆ ತಪ್ಪು ಕಮ್ಮಿ ಆಗಲ್ಲ, ತಪ್ಪು ಹೇಳೋದು ಕಮ್ಮಿ ಆಗತ್ತೆ.

ಏಮಿ ಎಡ್ಮಂಡ್ಸನ್ ಅಂತ ಹಾರ್ವರ್ಡ್‌ನ ಪ್ರೊಫೆಸರ್, ಅವರು 90ರ ದಶಕದಲ್ಲಿ ಆಸ್ಪತ್ರೆಗಳಲ್ಲಿ ಔಷಧಿ ಕೊಡೋದರಲ್ಲಿ ಆಗೋ ತಪ್ಪುಗಳನ್ನ ನೋಡಕ್ಕೆ ಹೋದ್ರು. ಚೆನ್ನಾಗಿ ಹೊಂದ್ಕೊಂಡಿರೋ ಟೀಮಲ್ಲಿ ತಪ್ಪು ಕಮ್ಮಿ ಇರತ್ತೆ ಅಂತ ಅವರ ನಿರೀಕ್ಷೆ. ಲೆಕ್ಕ ತೆಗೆದ್ರೆ ಉಲ್ಟಾ, ಒಳ್ಳೆ ಟೀಮಲ್ಲೇ ತಪ್ಪು ಜಾಸ್ತಿ! ಆಮೇಲೆ ಗೊತ್ತಾಗಿದ್ದು ಆ ಟೀಮಲ್ಲಿ ತಪ್ಪು ಆದ ತಕ್ಷಣ ಹೇಳ್ತಿದ್ರು, ಬೇರೆ ಕಡೆ ಮುಚ್ಚಿಡ್ತಿದ್ರು. 1999ರಲ್ಲಿ ಒಂದು ತಯಾರಿಕಾ ಕಂಪನಿಯ 51 ಟೀಮ್‌ಗಳನ್ನ ನೋಡಿ ಇದ್ರ ಬಗ್ಗೆ ಬರೆದ್ರು. ಟೀಮಲ್ಲಿ ಮನಸ್ಸು ಬಿಚ್ಚಿ ಮಾತಾಡಿದ್ರೆ ಅವಮಾನ ಆಗಲ್ಲ ಅನ್ನೋ ನಂಬಿಕೆ ಇದ್ರೆ ಕಲಿಯೋದು ಜಾಸ್ತಿ ಅಂತ.

ಇದು ನನಗೆ ಓದಿ ಗೊತ್ತಾಗಿದ್ದಲ್ಲ. ನಾನು ಕೆಲಸಕ್ಕೆ ಸೇರಿದ ಮೊದಲ ಆಸ್ಪತ್ರೆಯಲ್ಲಿ ಒಂದು ರಾತ್ರಿ ಒಬ್ಬ ಹುಡುಗಿ ಡೋಸ್ ತಪ್ಪು ಹಾಕಿದ್ಲು, ಹಾಕಿದ ಮೇಲೆ ಅವಳಿಗೇ ಅನುಮಾನ ಬಂತು, ಆದ್ರೆ ಹಿಂದಿನ ವಾರ ಇನ್ನೊಬ್ಬಳನ್ನ ಎಲ್ರ ಮುಂದೆ ನಿಲ್ಲಿಸಿ ಬೈದಿದ್ದನ್ನ ನೋಡಿದ್ಲು. ಬೆಳಗಿನವರೆಗೆ ಹೇಳಲಿಲ್ಲ. ರೋಗಿ ಉಳ್ಕೊಂಡ್ರು, ಪುಣ್ಯ. ಆ ಐದು ಗಂಟೆ ನೆನೆಸ್ಕೊಂಡ್ರೆ ನನಗೆ ಈಗ್ಲೂ ಕೈ ತಣ್ಣಗಾಗತ್ತೆ. ಈಗ ನನ್ನ ವಾರ್ಡಲ್ಲಿ ಒಂದೇ ನಿಯಮ, ಮೊದಲು ಹೇಳು, ರೋಗಿನ ನೋಡೋಣ, ಆಮೇಲೆ ಎಲ್ಲಿ ಎಡವಿದ್ವಿ ಅಂತ ಕೂತು ಮಾತಾಡೋಣ. ಆ ಮಾತುಕತೆ ಕಠಿಣವಾಗೇ ಇರತ್ತೆ. ಯಾರ ಮುಂದೇನೂ ಇರಲ್ಲ.

ಆ ಫೈಲ್ ಹೇಗೆ ತಪ್ಪು ಜನಕ್ಕೆ ಹೋಯ್ತು ಅಂತ ಯಾರಾದ್ರೂ ಹುಡುಕಿದ್ರಾ, ಇಲ್ಲಾ ಯಾರು ಕಳಿಸಿದ್ದು ಅಂತ ಮಾತ್ರ ಹುಡುಕಿದ್ರಾ?

ಶಾಪ್‌ಫ್ಲೋರ್

ಸಿಸ್ಟರ್ ಹೇಳಿದ್ದು ನೂರಕ್ಕೆ ನೂರು. ಟೊಯೋಟಾದಲ್ಲಿ ಕಾರ್ ಜೋಡಿಸೋ ಲೈನ್ ಉದ್ದಕ್ಕೂ ಒಂದು ಹಗ್ಗ ಇರ್ತಿತ್ತು, ಆಂಡನ್ ಅಂತಾರೆ. ತೊಂದರೆ ಕಂಡ್ರೆ ಯಾವ ಕೆಲಸಗಾರ ಬೇಕಾದ್ರೂ ಎಳೀಬಹುದು. ಎಳೆದ ತಕ್ಷಣ ಟೀಮ್ ಲೀಡರ್ ಅಲ್ಲಿಗೆ ಓಡಿ ಬರ್ಬೇಕು, ಆ ಕೆಲಸದ ಟೈಮ್ ಒಳಗೆ ಸರಿ ಹೋಗ್ಲಿಲ್ಲಾಂದ್ರೆ ಲೈನೇ ನಿಲ್ಲತ್ತೆ. ಬೇರೆ ಕಡೆಯವರು ಹಗ್ಗ ತಂದು ಕಟ್ಟಿದ್ರು, ಎಳೆದವನಿಗೆ ಬೈದ್ರು, ಆಮೇಲೆ ಯಾರು ಎಳೀತಾರೆ? ಹಗ್ಗ ಎಳೆದಾಗ ಯಾರು ಬರ್ತಾರೆ, ಬಂದು ಯಾವ ಮುಖ ಮಾಡ್ತಾರೆ ಅನ್ನೋದರ ಮೇಲೇ ಎಲ್ಲ ನಿಂತಿರೋದು.

ಹೊಸಟಿಎಲ್

ನಿನ್ನೆ ಮಾತಾಡಿದೆ. ಇಲ್ಲಿ ಬರೆಯಕ್ಕೂ ಕಷ್ಟ ಆಗ್ತಿದೆ ಆದ್ರೆ ಬರೀತೀನಿ.

ಮೀಟಿಂಗ್ ಇನ್ವೈಟ್ ಕಳಿಸ್ಲಿಲ್ಲ. ನಾನೇ ಹೋಗಿ "ಸರ್ ಅರ್ಧ ಗಂಟೆ ಕೂತ್ಕೊಳೋಣ್ವಾ, ಫೈಲ್ ವಿಷಯ ಇದೆ, ಅದಕ್ಕಿಂತ ಜಾಸ್ತಿ ನೀವು ಹೇಗಿದೀರ ಅಂತ ಕೇಳ್ಬೇಕು" ಅಂದೆ. ಮೊದಲು ಹತ್ತು ನಿಮಿಷ "ಏನಿಲ್ಲಪ್ಪ ಚೆನ್ನಾಗಿದೀನಿ" ಅಂತಾನೇ ಹೇಳಿದ್ರು. ನಾನು ಸುಮ್ನೆ ಕೂತೆ. ಆಮೇಲೆ ಒಂದೊಂದಾಗಿ ಬಂತು.

ಮೂರು ತಿಂಗಳ ಹಿಂದೆ ಅವರು ಒಂಬತ್ತು ವರ್ಷದಿಂದ ನೋಡ್ಕೊಂಡಿದ್ದ ಮಾಡ್ಯೂಲನ್ನ (ಸಾಫ್ಟ್‌ವೇರಿನ ಒಂದು ಭಾಗ) ಬೇರೆ ಟೀಮ್‌ಗೆ ಕೊಟ್ವಿ. ಅದನ್ನ ಅವರಿಗೆ ಹೇಳಿದ್ದು ಒಂದು ಈಮೇಲಲ್ಲಿ, ಇಪ್ಪತ್ತು ಜನರಿಗೆ ಹೋದ ಈಮೇಲು. ಅದನ್ನ ಕಳಿಸಿದ್ದು ನಾನು. ಅವರಿಗೆ ಕೊಟ್ಟ ಹೊಸ ಕೆಲಸದಲ್ಲಿ ರಾತ್ರಿ ಕಾಲ್ ಬರತ್ತೆ, ವಾರಕ್ಕೆ ಮೂರು ನಾಲ್ಕು ರಾತ್ರಿ ಎರಡು ಗಂಟೆಗೆ ಏಳ್ತಿದಾರೆ, ರೊಟೇಶನ್‌ನಲ್ಲಿ ಇರ್ಬೇಕಿದ್ದ ಇನ್ನಿಬ್ಬರ ಹೆಸರು ಲಿಸ್ಟಲ್ಲಿ ಸೇರಿಸಿರ್ಲೇ ಇಲ್ಲ. ಆ ಫೈಲ್ ಕಳಿಸುವಾಗ ಎರಡು ಗ್ರಾಹಕರ ಫೋಲ್ಡರ್ ಹೆಸರು ಹೆಚ್ಚುಕಮ್ಮಿ ಒಂದೇ ಥರ ಇರೋದ್ರಿಂದ ಎಡವಟ್ಟು ಆಗತ್ತೆ ಅಂತ ಅವರು ಒಂದು ಮೀಟಿಂಗಲ್ಲಿ ಹೇಳಕ್ಕೆ ಹೊರಟಿದ್ರಂತೆ. ನಾನು "ಸರ್ ಅದು ಈಗ ಬೇಡ, ಟೈಮ್ ಇಲ್ಲ, ಮುಂದಿನದಕ್ಕೆ ಹೋಗೋಣ" ಅಂದೆನಂತೆ. ನನಗೆ ಅದು ನೆನಪೇ ಇಲ್ಲ. ಅವರಿಗೆ ತಾರೀಖು ಸಮೇತ ನೆನಪಿದೆ. ಆವತ್ತಿಂದ ಮೀಟಿಂಗಲ್ಲಿ ಮಾತಾಡಿಲ್ಲ.

"ನಿನ್ನ ಮೇಲೆ ಕೋಪ ಇಲ್ಲಪ್ಪ, ನನ್ನ ಮಾತು ಇನ್ನು ಬೇಕಾಗಿಲ್ಲ ಅಂತ ಅನ್ಕೊಂಡೆ" ಅಂದ್ರು. ನಾನು ಕ್ಷಮೆ ಕೇಳಿದೆ. ರಾತ್ರಿಯೆಲ್ಲ ನಿದ್ದೆ ಬರ್ಲಿಲ್ಲ.

ಮಳೆಹನಿ

ನೀವು ಕೇಳಿದ್ರಲ್ಲ, ಅದು ದೊಡ್ಡದು. ತುಂಬಾ ಜನ ಕೇಳೋದೇ ಇಲ್ಲ. ಆದ್ರೆ ಕ್ಷಮೆ ಕೇಳಿ ಅಲ್ಲಿಗೇ ನಿಲ್ಲಿಸ್ಬೇಡಿ. ರಾತ್ರಿ ಕಾಲ್ ಲಿಸ್ಟ್ ಇವತ್ತೇ ಸರಿ ಮಾಡಿ. ಅವರು ನೋಡೋದು ಅದನ್ನ.

ಎಚ್‌ಆರ್‌ನಲ್ಲಿದ್ದೆ

ಹದಿನೆಂಟು ವರ್ಷ ಎಚ್‌ಆರ್‌ನಲ್ಲಿದ್ದು ಈಗ ಬಿಟ್ಟಿದೀನಿ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬರ್ನ್‌ಔಟ್‌ಗೆ ವ್ಯಾಖ್ಯಾನ ಕೊಡುವಾಗ ಅದನ್ನ ರೋಗ ಅಂತ ಕರೀಲಿಲ್ಲ, ಸರಿಯಾಗಿ ನಿಭಾಯಿಸದೇ ಬಿಟ್ಟ ಕೆಲಸದ ಒತ್ತಡದಿಂದ ಆಗೋದು ಅಂತ ಹೇಳ್ತು. ಲಕ್ಷಣ ಮೂರು, ಸುಸ್ತು, ಕೆಲಸದಿಂದ ಮನಸ್ಸು ದೂರ ಆಗೋದು, ಮತ್ತೆ ನನ್ನಿಂದ ಆಗ್ತಿಲ್ಲ ಅನ್ನಿಸೋದು. ನೀವು ಬರೆದ ಮೊದಲ ಪೋಸ್ಟ್ ಮತ್ತೆ ಓದಿ, ಆ ನೆರಳು ಕಾಣತ್ತೆ. ಯಾರಿಗೆ ಬರ್ನ್‌ಔಟ್ ಆಗಿದೆ ಅಂತ ತೀರ್ಮಾನ ಮಾಡೋದು ನಾವಲ್ಲ, ಆದ್ರೆ ರಾತ್ರಿ ಎರಡು ಗಂಟೆ ಕಾಲ್‌ಗೆ ಯೋಗ ಕ್ಲಾಸು ಮದ್ದಲ್ಲ. ರೋಸ್ಟರ್, ಅಂದ್ರೆ ಯಾರ ಸರದಿ ಯಾವಾಗ ಅನ್ನೋ ಪಟ್ಟಿ, ಅದು ಮದ್ದು. ನಾನು ಎಷ್ಟೋ ವೆಲ್‌ನೆಸ್ ಕಾರ್ಯಕ್ರಮ ನಡೆಸಿದೀನಿ, ಅದೇ ಶ್ರಮನ ರೋಸ್ಟರ್ ಮೇಲೆ ಹಾಕಿದ್ರೆ ಇನ್ನೂ ಎಷ್ಟೋ ಜನ ಉಳೀತಿದ್ರು ಅಂತ ಈಗ ಬೇಜಾರಾಗತ್ತೆ.

ಮ್ಯಾನೇಜರ್‌ಗೆ ಏನ್ ಹೇಳ್ಬೇಕು ಅಂತ ಯೋಚನೆ ಮಾಡಿದೀರಾ? ಕಷ್ಟದ ಭಾಗ ಅಲ್ಲೇ ಇದೆ.

ಹೊಸಟಿಎಲ್

ಅದೇ ಭಯ ಮೇಡಂ. ಈಮೇಲ್ ನಾನೇ ಕಳಿಸಿದ್ದು, ಲಿಸ್ಟ್ ನಾನೇ ನೋಡಬೇಕಿತ್ತು ಅಂತ ಹೇಳಿದ್ರೆ ಏಳು ತಿಂಗಳಿಗೇ ನನ್ನ ಬಗ್ಗೆ ಏನ್ ಅನ್ಕೋತಾರೋ.

ಶಾಪ್‌ಫ್ಲೋರ್

ಹೇಳ್ಲೇಬೇಕು ತಮ್ಮಾ. 1979 ಆಗಸ್ಟ್ 10ಕ್ಕೆ ಎಸ್‌ಎಲ್‌ವಿ-3 ರಾಕೆಟ್ ಹಾರಿ ಸಮುದ್ರಕ್ಕೆ ಬಿತ್ತು. ಪ್ರಾಜೆಕ್ಟ್ ಡೈರೆಕ್ಟರ್ ಆಗಿದ್ದಿದ್ದು ಅಬ್ದುಲ್ ಕಲಾಂ. ಪತ್ರಕರ್ತರ ಮುಂದೆ ಹೋಗಿ ಉತ್ತರ ಕೊಟ್ಟಿದ್ದು ಇಸ್ರೋ ಅಧ್ಯಕ್ಷ ಸತೀಶ್ ಧವನ್. ಮುಂದಿನ ವರ್ಷ ಜುಲೈ 18ಕ್ಕೆ ರೋಹಿಣಿ ಉಪಗ್ರಹ ಕಕ್ಷೆಗೆ ಸೇರ್ತು, ಆವತ್ತು ಧವನ್ ಹಿಂದೆ ನಿಂತು ಕಲಾಂ ಅವರನ್ನ ಮಾತಾಡಕ್ಕೆ ಕಳಿಸಿದ್ರು. ಈ ಕಥೆ ಎಲ್ರಿಗೂ ಗೊತ್ತು, ಕಲಾಂ ಅವರೇ ಎಷ್ಟೋ ಕಡೆ ಹೇಳಿದಾರೆ. ನಾವು ಮರೆಯೋದು ಮಧ್ಯದ ಹನ್ನೊಂದು ತಿಂಗಳು. ಬೆನ್ನು ತಟ್ಟಿ ಬಿಟ್ಟುಬಿಡಲಿಲ್ಲ ಅವರು. ಎರಡನೇ ಹಂತದ ಕಂಟ್ರೋಲ್ ಸಿಸ್ಟಮಲ್ಲಿ ಸೋರಿಕೆ ಆಗಿತ್ತು ಅಂತ ಬುಡಕ್ಕೆ ಹೋಗಿ ಪತ್ತೆ ಮಾಡಿದ್ರು, ಸರಿ ಮಾಡಿದ್ರು. ಹೊರಗಿನವರ ಮಾತು ಮೇಲಿದ್ದವರು ತಡ್ಕೊಂಡಿದ್ರಿಂದಾನೇ ಒಳಗಿನವರಿಗೆ ತಪ್ಪನ್ನ ಬಿಚ್ಚಿ ನೋಡೋ ಧೈರ್ಯ ಬಂತು.

ಹಾಗಾಗಿ ಮ್ಯಾನೇಜರ್ ಹತ್ರ ಹೋಗು, ಆದ್ರೆ ಬರೀ ಕೈಯಲ್ಲಿ ಹೋಗ್ಬೇಡ. ಎಲ್ಲಿ ಎಡವಿದ್ವಿ, ಏನ್ ಸರಿ ಮಾಡಿದೀನಿ, ಏನ್ ಬಾಕಿ ಇದೆ, ಬರ್ಕೊಂಡು ಹೋಗು.

ನೇರನುಡಿ

ನಾನು ಮೊದಲು ಬರೆದದ್ದನ್ನ ಪೂರ್ತಿ ವಾಪಸ್ ತಗೊಳಲ್ಲ, ಉಳಿದ ಎಂಟು ಜನರ ವಿಷಯ ಹಾಗೇ ಇದೆ. ಆದ್ರೆ ಪಿಐಪಿ ಹಾಕಿ ಅಂದಿದ್ದು ತಪ್ಪು. ರಾತ್ರಿ ಕೂತು ಬೇರೆಯವರ ಕೆಲಸ ಮಾಡ್ತಿದ್ದೋನು ನಾನು ಅಂತ ಬರೆದಿದ್ದೆ, ಇಲ್ಲಿ ರಾತ್ರಿ ಎದ್ದು ಎಲ್ಲರ ಕೆಲಸ ಮಾಡ್ತಿದ್ದಿದ್ದು ಅವರೇ. ನಾನು ಅದನ್ನ ಕೇಳದೇ ತೀರ್ಪು ಕೊಟ್ಟೆ.

ಹೊಸಟಿಎಲ್

ಮೂರು ವಾರ ಆಯ್ತು, ಅಪ್‌ಡೇಟ್ ಕೊಡ್ತೀನಿ.

ಮ್ಯಾನೇಜರ್‌ಗೆ ಎಲ್ಲ ಹೇಳಿದೆ. ಖುಷಿಯೇನೂ ಪಡ್ಲಿಲ್ಲ, "ಇದನ್ನ ನೀನು ಎರಡು ತಿಂಗಳ ಹಿಂದೆ ನೋಡ್ಬೇಕಿತ್ತು" ಅಂದ್ರು, ಅದು ನಿಜಾನೇ. ಪಿಐಪಿ ಸದ್ಯಕ್ಕಿಲ್ಲ, ಮುಂದಿನ ತ್ರೈಮಾಸಿಕದಲ್ಲಿ ಮತ್ತೆ ನೋಡೋಣ ಅಂದಿದಾರೆ. ಫೋಲ್ಡರ್ ಹೆಸರು ಬದಲಾಯಿಸಿದ್ವಿ, ಕಳಿಸೋ ಮುಂಚೆ ಇನ್ನೊಬ್ರು ನೋಡೋ ಹಾಗೆ ಮಾಡಿದ್ವಿ, ಅದು ಅವರದೇ ಐಡಿಯಾ, ಮೀಟಿಂಗಲ್ಲಿ ಅವರ ಬಾಯಿಂದಾನೇ ಹೇಳಿಸಿದೆ. ರಾತ್ರಿ ಕಾಲ್ ಈಗ ಐದು ಜನರ ಮಧ್ಯೆ ಹಂಚಿದೆ, ನನ್ನ ಹೆಸರೂ ಸೇರಿಸಿದೀನಿ. ನನ್ನ ಸರದಿಯಲ್ಲಿ ಎರಡು ರಾತ್ರಿ ಎದ್ದ ಮೇಲೆ ಮೂರನೇ ದಿನ ನಾನೂ ಒಂದು ಈಮೇಲ್ ತಪ್ಪಾಗಿ ಓದಿದೆ. ಅವರು ಎರಡು ತಿಂಗಳು ಹೇಗೆ ತಡ್ಕೊಂಡ್ರೋ.

ಅವರು ಪೂರ್ತಿ ಮೊದಲಿನ ಹಾಗೆ ಆಗಿಲ್ಲ. ಹಳೇ ಮಾಡ್ಯೂಲ್ ವಾಪಸ್ ಬರಲ್ಲ, ಆ ಬೇಜಾರು ಇದ್ದೇ ಇದೆ, ಅದನ್ನ ನಾನು ಸರಿ ಮಾಡಕ್ಕಾಗಲ್ಲ. ಈಗ ಅದನ್ನ ತಗೊಂಡಿರೋ ಟೀಮ್‌ಗೆ ವಾರಕ್ಕೆರಡು ಗಂಟೆ ಹೇಳಿಕೊಡ್ತಿದಾರೆ, ಅದು ಮುಗಿಸಿ ಬಂದ ದಿನ ಮಾತು ಸ್ವಲ್ಪ ಜಾಸ್ತಿ ಇರತ್ತೆ.

ಒಂದು ಹೊಸ ತೊಂದರೆ. ಟೀಮಲ್ಲಿ ಒಬ್ಬಳು ಹುಡುಗಿ ಇದಾಳೆ, ತಪ್ಪೇ ಮಾಡಲ್ಲ, ಯಾವತ್ತೂ ಕಂಪ್ಲೇಂಟ್ ಇಲ್ಲ. ಮೊನ್ನೆ ಅವಳೇ ಬಂದು "ಸರ್ ಏನಾದ್ರೂ ಕೆಟ್ಟು ಹೋದ್ರೆ ಮಾತ್ರ ನೀವು ಬಂದು ಕೂರ್ತೀರಾ?" ಅಂತ ಕೇಳಿದ್ಲು. ನೇರನುಡಿ ಅವರು ಹೇಳಿದ ಆ ಎಂಟು ಜನ, ಇದೇ ಅಲ್ವಾ.

ವಾರ್ಡ್ ಇನ್‌ಚಾರ್ಜ್

ಆ ಹುಡುಗಿ ಕೇಳಿದ್ಲು ಅಂದ್ರೆ ನಿಮ್ಮ ಹತ್ರ ಕೇಳಬಹುದು ಅಂತ ಅವಳಿಗೆ ಅನ್ನಿಸಿದೆ, ಮೂರು ವಾರದ ಹಿಂದೆ ಕೇಳ್ತಿದ್ಲಾ? ನಾನು ಶಿಫ್ಟ್ ಶುರುವಲ್ಲಿ ಎಲ್ರಿಗಿಂತ ಮೊದಲು ಚೆನ್ನಾಗಿ ಕೆಲಸ ಮಾಡೋರ ಹತ್ರ ಹೋಗ್ತೀನಿ. ಸುಮ್ನೆ "ಗುಡ್ ಜಾಬ್" ಅಂತಲ್ಲ. "ನಿನ್ನೆ ನೀನು ಆ ಅಜ್ಜನ ಮನೆಯವರಿಗೆ ಬಿಡಿಸಿ ಹೇಳಿದ್ಯಲ್ಲ, ಅದರಿಂದ ಅವರು ರಾತ್ರಿ ಗಾಬರಿ ಆಗ್ಲಿಲ್ಲ" ಅಂತ ಕಂಡಿದ್ದನ್ನ ಕಂಡ ಹಾಗೆ ಹೇಳ್ತೀನಿ. ಹೇಳ್ಬೇಕಂದ್ರೆ ನೋಡಿರ್ಬೇಕು, ನೋಡ್ಬೇಕಂದ್ರೆ ಅಲ್ಲಿರ್ಬೇಕು. ಮತ್ತೆ ಅವಳಿಗೆ ಮುಂದೆ ಏನ್ ಕಲೀಬೇಕು ಅಂತ ಆಸೆ ಇದೆ ಕೇಳಿ. ತಪ್ಪೇ ಮಾಡದೇ ಇರೋರನ್ನ ಅದೇ ಕೆಲಸದಲ್ಲಿ ವರ್ಷಗಟ್ಟಲೆ ಬಿಟ್ಟುಬಿಡ್ತೀವಿ ನಾವು, ಯಾಕಂದ್ರೆ ನಮಗೆ ಅನುಕೂಲ.

ನೇರನುಡಿ

ಹೌದು ಇದೇ. ಆ ಮೂರು ವರ್ಷದಲ್ಲಿ ನನ್ನನ್ನ ಒಂದ್ಸಲ ಯಾರಾದ್ರೂ ಹೀಗೆ ಕೇಳಿದ್ರೆ ನಾನು ಆ ಕಂಪನಿ ಬಿಡ್ತಿರ್ಲಿಲ್ಲ.

ಹೊಸಟಿಎಲ್

ನಾಳೆ ಅವಳ ಜೊತೆ ಹನ್ನೊಂದು ಗಂಟೆಗೆ ಕೂರ್ತಿದೀನಿ. ಯಾಕೆ ಅಂತಾನೂ ಮೊದಲೇ ಹೇಳಿದೀನಿ, ಗಾಬರಿ ಆಗ್ಬಾರ್ದು ಅಂತ. ಉಳಿದ ಏಳು ಜನರದ್ದೂ ಕ್ಯಾಲೆಂಡರಲ್ಲಿ ಹಾಕಿದೆ, ಹದಿನೈದು ದಿನಕ್ಕೊಂದ್ಸಲ ಅರ್ಧ ಗಂಟೆ, ಟಿಕೆಟ್ ಮಾತು ಇಲ್ಲ. ಏನೇನ್ ಕೇಳ್ಬೇಕು ಅಂತ ನಿಮ್ಮಲ್ಲಿ ಯಾರಾದ್ರೂ ರೂಢಿ ಮಾಡ್ಕೊಂಡಿದ್ರೆ ಇಲ್ಲಿ ಹಾಕಿ, ರಾತ್ರಿ ಕೂತು ಓದ್ತೀನಿ, ಇವತ್ತು ಕಾಲ್ ಸರದಿ ನಂದೇ.